ಕಾಂಡ್ಲಾ ಕಾಡಿನಿಂದ ಕೆಳಕಡವಿಗೆ

ಬೆಳಗ್ಗೆ ಆರಕ್ಕೆ ಕುಂದಾಪುರದಿಂದ ಹೊರಟೆವು. ಬಸ್ಸಿಗೆ ಕಾಯಬೇಕೆಂದಿದ್ದೆ. ಕೊಪ್ಪದ ಒಣಮೀನು ವ್ಯಾಪಾರಿ ಹಮೀದ್ ಸಾಹೇಬರು ತಮ್ಮ ಪಿಕಪ್‌ನಲ್ಲಿ ಜಾಗವಿದೆ ಎಂದು ಹತ್ತಿಸಿಕೊಂಡರು. ಮಳೆಗಾಲದ ಈ ತಿಂಗಳಲ್ಲಿ ದೊಡ್ಡ ದೋಣಿಗಳು ಕಡಲಿಗಿಳಿಯುವುದಿಲ್ಲ, ಹಾಗಾಗಿ ಘಟ್ಟದ ಮೇಲಿನ ಸಂತೆಗಳಲ್ಲಿ ಒಣಮೀನಿಗೆ ಒಳ್ಳೆಯ ಗಿರಾಕಿ. ಹಿಂದೆ ಟಾರ್ಪಾಲಿನ ಕೆಳಗೆ ಬಂಗುಡೆ, ಸಿಗಡಿಯ ಚೀಲಗಳು, ಮುಂದೆ ನಾವಿಬ್ಬರು. ಕಿಟಕಿ ಏರಿಸಿದರೆ ವಾಸನೆ, ಇಳಿಸಿದರೆ ಮಳೆ.

"ಸೋಮೇಶ್ವರದ ತನಕ ಕಷ್ಟ ಸಾರ್," ಎಂದರು ಸಾಹೇಬರು. "ಆಮೇಲೆ ಮೀನೇ ನಿಮ್ಮ ವಾಸನೆ ತಡೆಯಕ್ಕಾಗದೆ ಸುಮ್ಮನಾಗ್ತದೆ."

ನಾನು ನರಸಿಂಹರಾಜಪುರದ ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ಹತ್ತು ದಿನ ಕರಾವಳಿಯಲ್ಲಿದ್ದೆ. ನೆರೆ ಬಂದಾಗ ಕಾಂಡ್ಲಾ ಕಾಡು ಊರನ್ನು ಕಾಯುತ್ತದೆ ಎನ್ನುತ್ತಾರಲ್ಲ, ಆ ಕಾಡಿನ ಪಕ್ಕದಲ್ಲೇ ಬದುಕುವವರು ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನೇ ಕಾಲಾಗಿ ಊರಿ ನಿಲ್ಲುವ ಗಿಡ ಅದು. ಒಬ್ಬರು ಅದಿಲ್ಲದಿದ್ದರೆ ನಮ್ಮ ಮನೆಯೇ ಇರುತ್ತಿರಲಿಲ್ಲ ಎಂದರು. ಇನ್ನೊಬ್ಬರು ಅದರಿಂದ ಸೊಳ್ಳೆ ಬಿಟ್ಟು ಬೇರೇನೂ ಸಿಕ್ಕಿಲ್ಲ ಎಂದರು. ಹಿನ್ನೀರಿನಲ್ಲಿ ಚಿಪ್ಪು ಹೆಕ್ಕುವ ಲಲಿತಕ್ಕ ಮಾತ್ರ ನನ್ನನ್ನೇ ಪ್ರಶ್ನೆ ಕೇಳಿದ್ದರು.

"ನೀರ್ ಬಪ್ಪುದ್ ಬತ್ತ್ ಮರ್ರೆ. ಕಾಂಡ್ಲ ಇದ್ರೆ ಅದ್ರ ಸೊಕ್ಕ್ ಮುರಿತ್, ಅಷ್ಟೆ. ಆರೆ ಬೇರಿಗೆ ಸಿಕ್ಕಿದ ಬಲೆ, ಪ್ಲಾಸ್ಟಿಕ್ ಎಲ್ಲ ತೆಗುದ್ ಯಾರ್? ನೀವಾ?"

ಬೇರಿಗೆ ಸಿಕ್ಕಿದ್ದನ್ನು ಬಿಡಿಸುವವರು ಯಾರು ಎಂಬ ಪ್ರಶ್ನೆಗೆ ನಾನು ನಕ್ಕು, ಬರೆದುಕೊಂಡಿದ್ದೆ. ಆ ಮಾತಿನ ಅರ್ಥ ಅಂದು ಹೊಳೆದಿರಲಿಲ್ಲ.

ಹಿಂದಿನ ಸಂಜೆ ಸುಶೀಲಮ್ಮನ ಫೋನು ಬಂದಿತ್ತು. ಹರಿಹರಪುರದಿಂದ ಕೆಳಗೆ ತುಂಗೆ ತಿರುಗುವಲ್ಲಿ ಕೆಳಕಡವು ಎಂಬ ಪುಟ್ಟ ಕೇರಿಯಿದೆ. ತೋಟದ ಕೆಲಸಕ್ಕೆ ಹೋಗುವ ನಾಲ್ಕು ಮನೆಗಳ ಸಾಲು, ಮನೆಗಳ ಮುಂದೆ ದಡದುದ್ದಕ್ಕೂ ಹೊಳೆಮತ್ತಿ ಮರಗಳು, ನಡುನಡುವೆ ವಾಟೆ ಬಿದಿರಿನ ಮೆಳೆ. ಸುಶೀಲಮ್ಮನ ಮಗಳು ನಮ್ಮ ಕಾಲೇಜಿನಲ್ಲಿ ಓದಿದವಳು, ನನ್ನ ನಂಬರು ಹಾಗೆ ಸಿಕ್ಕಿತ್ತು.

"ಸಾರ್, ನಾಳೆ ಹನ್ನೊಂದು ಗಂಟೆಗೆ ನಮ್ಮ ದಡದ ಮರ ಕಡಿಯಕ್ಕೆ ಪಂಚಾಯ್ತಿಯೋರು ಬತ್ತಾರೆ," ಎಂದರು. "ಆ ದೊಡ್ಡ ನೆರೇಲಿ ನೀವು ಬಂದು ನೋಡಿ ಬರ್ಕೊಂಡು ಹೋಗಿದ್ರಲ್ಲ. ನಾವು ಹೇಳಿದ್ರೆ ಯಾರೂ ಕಿವಿ ಕೊಡಲ್ಲ. ನೀವು ಬಂದು ಒಂದು ಮಾತು ಹೇಳಿ. ಮರ ಹೋದ್ರೆ ಈ ಮಳೆಗಾಲದಾಗೆ ನಮ್ಮ ಮನೆ ಉಳಿಯಲ್ಲ."

ಬರುತ್ತೇನೆ ಎಂದುಬಿಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ. ಇಪ್ಪತ್ತು ವರ್ಷಕ್ಕೂ ಹಿಂದೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋಗಿದ್ದು ನಿಜ. ಆ ನೆರೆಯ ಕತೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ತೂಗುಸೇತುವೆಯ ಮೇಲೆ ನಿಂತು ನೋಡಿದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಗಂಡಸರು ಮರಗಳ ನಡುವೆ ಸಿಕ್ಕಿಬಿದ್ದ ಮನುಷ್ಯನನ್ನು ಎಳೆದು ಬದುಕಿಸುತ್ತಿದ್ದರು, ಆ ಮರಗಳಿಲ್ಲದಿದ್ದರೆ ಅವನು ಹೆಣವಾಗುತ್ತಿದ್ದ. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಾರೆ. ವರ್ಷದಿಂದ ವರ್ಷಕ್ಕೆ ನನ್ನ ಕತೆಯಲ್ಲಿ ಹೊಳೆಯ ನೀರು ಒಂದೊಂದು ಅಡಿ ಏರುತ್ತಿದೆ ಎಂಬ ಗುಮಾನಿ ನನಗೇ ಇತ್ತು. ಆದರೆ ತರಗತಿಯಲ್ಲಿ ಹೇಳುವುದು ಬೇರೆ, ನಾಲ್ಕು ಮನೆಗಳ ಹಣೆಬರಹ ನಿಂತಿರುವ ಕಡೆ ಹೇಳುವುದು ಬೇರೆ.

ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಜು ದಟ್ಟವಾಗಿತ್ತು. ಎದುರಿನ ಗಾಡಿಯ ದೀಪ ಕಾಣುವ ಮೊದಲು ಅದರ ಹಾರನ್ನು ಕೇಳುತ್ತಿತ್ತು. ಎಂಟೂವರೆಗೆ ಮೇಲೆ ಹತ್ತಿ, ಶೃಂಗೇರಿ ತಲುಪುವಾಗ ಒಂಬತ್ತೂಕಾಲು. ಬಸ್‌ಸ್ಟ್ಯಾಂಡಿನ ಹತ್ತಿರ ಬನ್ಸು, ಕಾಫಿ. ಹೊಳೆಯ ಮೆಟ್ಟಿಲುಗಳಲ್ಲಿ ಮೇಲಿನ ನಾಲ್ಕೈದು ಮಾತ್ರ ಕಾಣುತ್ತಿದ್ದವು. ನೀರು ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಂದು ಇಡೀ ಮರ, ಬೇರು ಮೇಲೆ ಮಾಡಿಕೊಂಡು, ನಿಧಾನಕ್ಕೆ ತಿರುಗುತ್ತಾ ಕೆಳಗೆ ಹೋಯಿತು.

"ಕೆಳಕಡವಿಗೇ ಹೋಗದು ಅದು, ನಮಗಿಂತ ಮುಂಚೆ," ಎಂದರು ಸಾಹೇಬರು. ಕೊಪ್ಪದ ದಾರಿಯಲ್ಲೇ ಇರುವ ಕೇರಿಯೆಂದು ನನ್ನನ್ನು ಅಲ್ಲಿಗೇ ಬಿಡಲು ಒಪ್ಪಿದ್ದರು.

ಗಾಡಿ ಹತ್ತಿದ ಮೇಲೆ ಅವರಿಗೆ ನನ್ನ ಕತೆ ಹೇಳಿದೆ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡೋಣ ಎಂದು. ತೂಗುಸೇತುವೆಯ ಮಾತು ಬಂದೊಡನೆ ಅವರು ಸ್ಟೇರಿಂಗಿನಿಂದ ಒಂದು ಕೈ ತೆಗೆದರು.

"ನಿಲ್ಲಿ ಮಾರಾಯ್ರೆ. ಆ ತೂಗುಸೇತುವೆ ಆಗಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಾನು ಆವಾಗ ಅಲ್ಲಿಗೆ ಸೈಕಲ್ಲಲ್ಲಿ ಮೀನು ತಗಂಡು ಹೋಗ್ತಿದ್ದೆ. ದೋಣಿಯವ ಒಂದು ಕಟ್ಟು ಬಂಗುಡೆ ಕೊಡದಿದ್ರೆ ಸೈಕಲ್ ದಾಟಿಸ್ತಿರಲಿಲ್ಲ."

ಸೇತುವೆಯೇ ಇಲ್ಲದಿದ್ದರೆ ನಾನು ಎಲ್ಲಿ ನಿಂತು ನೋಡಿದೆ? ಕಾಲಿನಡಿ ಹಲಗೆ ತೂಗಿದ್ದು ಇವತ್ತಿಗೂ ನೆನಪಿದೆ. ಬೇರೆ ಯಾವುದೋ ವರ್ಷದ ಹಲಗೆಯನ್ನು ತಂದು ಆ ದಿನಕ್ಕೆ ಜೋಡಿಸಿಕೊಂಡಿದ್ದೆ. ಹಾಗಾದರೆ ಉಳಿದದ್ದರಲ್ಲಿ ನಿಜವೆಷ್ಟು? ಹರಿಹರಪುರದವರೆಗಿನ ದಾರಿಯಲ್ಲಿ ಇದೊಂದನ್ನೇ ಲೆಕ್ಕ ಹಾಕುತ್ತಾ ಕುಳಿತೆ. ಅಲ್ಲೇ ಇಳಿದು ಕೊಪ್ಪದ ಬಸ್ಸು ಹಿಡಿದು ಮನೆಗೆ ಹೋಗಿಬಿಡಲೇ ಎಂದೂ ಅನ್ನಿಸಿತು. ಬಸ್ಸು ಎದುರಿಗೇ ನಿಂತಿತ್ತು. ಸಾಹೇಬರು ನಿಲ್ಲಿಸಲಿಲ್ಲ.

ಕೆಳಕಡವು ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮಳೆ ತುಸು ಬಿಟ್ಟಿತ್ತು. ದಡದಲ್ಲಿ ಇಪ್ಪತ್ತು ಜನ ಕೊಡೆ ಹಿಡಿದು ನಿಂತಿದ್ದರು. ಮರ ಕೊಯ್ಯುವ ಮಿಷನ್ನಿನವನು ಜಗಲಿಯ ಮೇಲೆ ಕುಳಿತು ಮಿಷನ್ನಿಗೆ ಪೆಟ್ರೋಲು ತುಂಬುತ್ತಿದ್ದ. ಹೊಳೆ ಸುಶೀಲಮ್ಮನ ಅಂಗಳದಿಂದ ಎಂಟು ಹೆಜ್ಜೆ ದೂರದಲ್ಲಿತ್ತು. ಮತ್ತಿ ಮರಗಳು ಎದೆಮಟ್ಟದ ನೀರಲ್ಲಿದ್ದವು. ಅವುಗಳ ಮೈಗೆ ದಿಮ್ಮಿ, ಬಿದಿರು, ಬಾಳೆಯ ಬುಡ, ಚೀಲ, ಚಪ್ಪಲಿ ಎಲ್ಲ ಸೇರಿ ಒಂದು ಗೋಡೆಯಾಗಿ ನಿಂತಿತ್ತು. ನೀರು ಆ ಗೋಡೆಗೆ ಬಡಿದು ತಿರುಗಿ ಆಚೆ ದಡಕ್ಕೆ ನುಗ್ಗುತ್ತಿತ್ತು. ಆಚೆ ದಡದ ಗದ್ದೆ ಪೂರಾ ಕೆಂಪು ನೀರು.

ಪಂಚಾಯ್ತಿ ಸದಸ್ಯ ರಮೇಶ ನನ್ನನ್ನು ಮುಂದೆ ಕರೆದರು. ಆಚೆ ದಡದ ಮಂಜಪ್ಪ ತೂಗುಸೇತುವೆ ದಾಟಿ ಬಂದು ನಿಂತಿದ್ದರು. ಮುಳುಗಿದ್ದು ಅವರು ಗೇಣಿಗೆ ಮಾಡುವ ಗದ್ದೆ. ಎಪ್ಪತ್ತರ ಹತ್ತಿರದ, ತೆಳ್ಳಗಿನ, ಸಿಟ್ಟಿನ ಮನುಷ್ಯ.

"ಮೂರು ದಿನ ಆತು, ನಾಟಿ ನೀರಡಿ ಮಲಗಿ," ಎಂದರು ಮಂಜಪ್ಪ. "ಇನ್ನೆರಡು ದಿನ ಹಿಂಗೇ ಇದ್ರೆ ಕೊಳೀತದೆ. ಇವರ ಮರ ಇವರ ಮನೆ ಕಾಯ್ತದೆ, ನನ್ನ ಗದ್ದೆ ಮುಳುಗಿಸ್ತದೆ. ಅಷ್ಟೇ ವಿಷಯ."

"ಮರ ತೆಗೆದ್ರೆ ನೀರು ಎಲ್ಲಿಗೆ ಬತ್ತದೆ ಮಂಜಪ್ಪಣ್ಣ?" ಎಂದರು ಸುಶೀಲಮ್ಮ. "ನಮ್ಮ ಒಲೆಗೆ ಬತ್ತದೆ."

ರಮೇಶ ಇಬ್ಬರ ನಡುವೆ ಕೈ ಚಾಚಿದರು. "ಬೇಸಿಗೇಲಿ ಇಲ್ಲಿ ತಡೆಗೋಡೆ ಕಟ್ಟಿಸ್ತೀನಿ ಅಂತ ಹೇಳಿದೀನಲ್ಲ ಅಕ್ಕ."

"ಹೊಳೆ ಈಗ ಬಂದದೆ, ನಿಮ್ಮ ಗೋಡೆ ಬೇಸಿಗೆಗೆ ಬತ್ತದೆ. ಅಲ್ಲೀ ತನಕ ನಾವೇನು ದೋಣಿ ಮೇಲೆ ಅಡುಗೆ ಮಾಡದಾ?"

ಕೆಲವರು ನಕ್ಕರು. ಮಂಜಪ್ಪ ನಗಲಿಲ್ಲ. ನನ್ನ ಕಡೆ ತಿರುಗಿದರು.

"ನೀವು ಸಾಕ್ಷಿ ಹೇಳಕ್ಕೆ ಬಂದೋರಾ? ಆ ನೆರೆ ಏರಿದ ದಿನ ನೀವು ಇಲ್ಲಿದ್ರಾ?"

ಸುಶೀಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದಿದ್ದರೆ ಅವತ್ತು ಅಲ್ಲಿ ಯಾರೂ ನನ್ನನ್ನು ಸುಳ್ಳ ಎನ್ನುತ್ತಿರಲಿಲ್ಲ.

"ಇಲ್ಲ," ಎಂದೆ. "ನೀರು ಇಳಿಯಲು ಶುರುವಾದ ಮೇಲೆ ಬಂದೆ ಅನ್ನಿಸುತ್ತದೆ. ಎಲ್ಲಿ ನಿಂತು ನೋಡಿದೆ ಅಂತಲೂ ಈಗ ಖಾತ್ರಿ ಇಲ್ಲ."

ಸುಶೀಲಮ್ಮ ತಲೆ ಬಗ್ಗಿಸಿದರು. ಮಿಷನ್ನಿನವನು ಎದ್ದು ನಿಂತ.

"ಹಂಗಾರೆ ಎಂತ ನೋಡಿದ್ರಿ?" ಮಂಜಪ್ಪ ಬಿಡಲಿಲ್ಲ.

ನನಗೆ ಉಳಿದಿದ್ದ ಒಂದೇ ಚಿತ್ರವನ್ನು ಹೇಳಿದೆ. ಮರಗಳ ನಡುವೆ ಏಳೆಂಟು ಗಂಡಸರು, ಸೊಂಟಕ್ಕೆ ಹಗ್ಗ, ಕೈಯಲ್ಲಿ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ, ದಡದಲ್ಲಿ ಹೆಂಗಸರು ಹಗ್ಗ ಹಿಡಿದು ಜಗ್ಗುತ್ತಿದ್ದದ್ದು. "ಯಾರನ್ನೋ ನೀರಿನಿಂದ ಎಳೆದು ಉಳಿಸುತ್ತಿದ್ದರು," ಎಂದೆ.

ಸುಶೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಯಾರನ್ನ ಸಾರ್ ಉಳಿಸದು? ಸೌದೆ ಎಳೀತಿದ್ರು! ನಮ್ಮತ್ತೆ, ನಾನು, ಎಲ್ಲ ಹಗ್ಗ ಹಿಡಿದಿದ್ವಿ. ಒಂದು ನೆರೆ ಬಂದ್ರೆ ಎರಡೂ ದಡದೋರಿಗೆ ವರ್ಷದ ಸೌದೆ ಆಗ್ತಿತ್ತು. ಆಚೆಯೋರೂ ದೋಣಿ ಕಟ್ಟಿಕೊಂಡು ಬಂದು ಪಾಲು ತಗಂಡು ಹೋಗ್ತಿದ್ರು." ಮಂಜಪ್ಪನ ಕಡೆ ಕೈ ತೋರಿಸಿದರು. "ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಇಳೀತಿದ್ದೋರು ಇವರೇ!"

ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ನಾನು ಒಬ್ಬ ಮನುಷ್ಯನ ಪ್ರಾಣವೆಂದು ಹೇಳುತ್ತಾ ಬಂದದ್ದು ಕಟ್ಟಿಗೆ. ಆದರೆ ಮಂಜಪ್ಪ ನಗುತ್ತಿರಲಿಲ್ಲ. ಮರಗಳಿಗೆ ಆತು ನಿಂತ ದಿಮ್ಮಿಗಳ ಗೋಡೆಯನ್ನು ನೋಡುತ್ತಿದ್ದರು.

"ಆವಾಗ ನನ್ನ ಗದ್ದೆಗೆ ನೀರು ಬಂದಿರಲಿಲ್ಲ," ಎಂದರು ನಿಧಾನಕ್ಕೆ.

"ಎಲ್ಲಿಂದ ಬತ್ತದೆ?" ಎಂದರು ಸುಶೀಲಮ್ಮ. "ಕಡ್ಡಿನೂ ಬಿಡದ ಹಂಗೆ ಎಳ್ಕಂತಿದ್ರಲ್ಲ ನೀವು. ಗ್ಯಾಸ್ ಬಂದ ಮೇಲೆ ಹೊಳೆ ಸೌದೆ ಯಾರಿಗೆ ಬೇಕು? ನಾನೇ ಇಳಿಯಲ್ಲ, ಬೇರೆಯೋರನ್ನ ಎಂತ ಹೇಳದು."

ಲಲಿತಕ್ಕನ ಪ್ರಶ್ನೆ ನನಗೆ ಅರ್ಥವಾದದ್ದು ಆಗ. ಮರ ನೀರಿನ ಸೊಕ್ಕು ಮುರಿಯುತ್ತದೆ, ಹೊತ್ತು ತಂದದ್ದನ್ನು ಹಿಡಿಯುತ್ತದೆ. ಹಿಡಿದದ್ದನ್ನು ಬಿಡಿಸುವ ಕೈ ಬೇಕು. ಆ ಕೈಗಳು ಇಲ್ಲಿ ಒಲೆಯ ಆಸೆಗೆ ಬರುತ್ತಿದ್ದವು. ಒಲೆ ಆರಿತು, ಕೈ ನಿಂತಿತು, ತಪ್ಪು ಮರದ ತಲೆಗೆ ಬಂತು. ಇದನ್ನು ಅಲ್ಲಿ ಹೇಳಹೊರಟೆ. ರಮೇಶ ನಡುವೆಯೇ ತಡೆದರು.

"ಮಾತು ಸಾಕು ಸಾರ್. ಬಿಡಿಸಿದ್ರೆ ಗದ್ದೆ ನೀರು ಇಳೀತದಾ ಇಲ್ವಾ? ಮಧ್ಯಾಹ್ನ ಎರಡರ ಒಳಗೆ ಇಳೀದಿದ್ರೆ ಮಿಷನ್ ಶುರು ಮಾಡಿಸ್ತೀನಿ."

ಮಂಜಪ್ಪ ಅಂಗಿ ಬಿಚ್ಚಿದರು. ಸಾಹೇಬರು ಪಿಕಪ್ಪಿನಿಂದ ಚೀಲ ಬಿಗಿಯುವ ನೈಲಾನ್ ಹಗ್ಗ ತಂದರು. ಯಾರದೋ ತೋಟದಿಂದ ಎರಡು ದೋಟಿ ಬಂದವು. ಹಗ್ಗದ ಒಂದು ತುದಿ ಮಂಜಪ್ಪನ ಸೊಂಟಕ್ಕೆ, ಇನ್ನೊಂದನ್ನು ನಾವು ಆರು ಜನ ಹಿಡಿದೆವು. ಮಿಷನ್ನಿನವನೂ ಬಂದು ನನ್ನ ಹಿಂದೆ ನಿಂತ.

ನಾವು ದೊಡ್ಡ ದಿಮ್ಮಿಗೇ ಕೊಕ್ಕೆ ಹಾಕಬೇಕೆಂದಿದ್ದೆವು. ನೀರೊಳಗಿಂದ ಮಂಜಪ್ಪ ಕೂಗಿದರು. "ಅದಕ್ಕೆ ಮುಟ್ಟಬೇಡಿ! ಅದು ಹೊರಟರೆ ನನ್ನನ್ನೂ ತಗಂಡೇ ಹೋಗ್ತದೆ. ಕೆಳಗಿನ ಸಣ್ಣದು ಎಳೀರಿ!" ಕೆಳಗಿನ ಸಣ್ಣದನ್ನೇ ಎಳೆದೆವು. ಬಿದಿರು ಬಂತು, ಹಲಸಿನ ಕೊಂಬೆ ಬಂತು, ಬಾಳೆಬುಡ ಬಂತು. ಒಮ್ಮೆ ಅವರ ಕಾಲು ಜಾರಿತು. ತಲೆ ಕಾಣಲಿಲ್ಲ. ಹಗ್ಗ ನನ್ನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಸುಶೀಲಮ್ಮ "ಜಗ್ಗಿ! ಜಗ್ಗಿ!" ಎಂದು ಕಿರುಚಿದರು. ಜಗ್ಗಿದೆವು. ಮರದ ಬುಡವೊಂದಕ್ಕೆ ತೆಕ್ಕೆ ಹಾಯ್ದು ಮಂಜಪ್ಪ ಎದ್ದು, ಬಾಯೊಳಗಿನ ನೀರು ಉಗಿದರು.

"ಕಾಲೇಜಿನೋರು ಈಗ ಹೇಳಬಹುದು," ಎಂದರು ಏದುಸಿರಿನಲ್ಲಿ, "ಮನುಷ್ಯನನ್ನೇ ಎಳೆದ್ವಿ ಅಂತ."

ಒಂದೂವರೆ ತಾಸಾದ ಮೇಲೆ ದೊಡ್ಡ ದಿಮ್ಮಿ ತಾನೇ ಅಲುಗಾಡಿ, ಮೂತಿ ತಿರುಗಿಸಿ, ಮರಗಳ ಸಂದಿನಿಂದ ಹೊರಟುಹೋಯಿತು. ಅದರ ಹಿಂದೆ ನೀರು ಒಮ್ಮೆಲೇ ನುಗ್ಗಿ ಸುಶೀಲಮ್ಮನ ಅಂಗಳದ ಅಂಚು ಮುಟ್ಟಿತು. ಅಂಗಳ ದಾಟಲಿಲ್ಲ. ಮಂಜಪ್ಪ ಒದ್ದೆ ಮೈಯಲ್ಲೇ ಸೇತುವೆ ದಾಟಿ, ಗದ್ದೆಯ ಅಂಚಿಗೆ ಒಂದು ಕೋಲು ಹುಗಿದು ಕುಕ್ಕರಗಾಲಲ್ಲಿ ಕುಳಿತರು. ನಾವು ಈಚೆ ದಡದಿಂದ ಅವರ ಬೆನ್ನನ್ನೇ ನೋಡುತ್ತಿದ್ದೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೊನೆಗೆ ಅವರು ತಿರುಗಿ, ನಾಲ್ಕು ಬೆರಳು ಮೇಲೆತ್ತಿ ತೋರಿಸಿದರು: ಕೋಲಿನಲ್ಲಿ ನೀರು ಅಷ್ಟು ಇಳಿದಿತ್ತು.

ರಮೇಶ ಕೊಡೆ ಮಡಚಿದರು. "ಇವತ್ತಿಗೆ ಬೇಡ. ಆದರೆ ಪ್ರತಿ ನೆರೆಗೂ ಎರಡೂ ದಡದೋರು ಇಳೀಬೇಕು. ಒಂದು ಸಲ ತಪ್ಪಿದ್ರೂ ನಾನು ಮಿಷನ್ ತರಿಸೋನೇ."

"ಮಂಜಪ್ಪಣ್ಣನಿಗೆ ವಯಸ್ಸಾತು," ಎಂದರು ಸುಶೀಲಮ್ಮ ಮೆಲ್ಲಗೆ. "ಅವರ ನಂತರ ಸಣ್ಣದು ಯಾವುದು, ದೊಡ್ಡದು ಯಾವುದು ಅಂತ ಹೇಳೋರು ಯಾರು?"

ಗಂಜಿ, ಸಾಹೇಬರ ಚೀಲದಿಂದ ತೆಗೆದು ಸುಟ್ಟ ಬಂಗುಡೆ, ಮಾವಿನ ಉಪ್ಪಿನಕಾಯಿ ಊಟ ಮುಗಿಸಿ ಮೂರು ಗಂಟೆಗೆ ಹೊರಟೆವು. ಕೊಪ್ಪದಿಂದ ನರಸಿಂಹರಾಜಪುರಕ್ಕೆ ನನಗೆ ಬಸ್ಸಿತ್ತು. ಗಾಡಿ ಏರು ಹತ್ತಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಮಿಷನ್ನಿನ ಸದ್ದು ಕೇಳಿಸಿತು. ಸಾಹೇಬರು ನಾನು ಹೇಳುವ ಮೊದಲೇ ಬ್ರೇಕು ಹಾಕಿದರು. ಇಬ್ಬರೂ ಇಳಿದು ದಡದತ್ತ ನೋಡಿದೆವು. ಮತ್ತಿ ಮರಗಳು ನೀರಲ್ಲಿ ಹಾಗೇ ನಿಂತಿದ್ದವು. ಅಂಗಳದಲ್ಲಿ ಮಿಷನ್ನಿನವನು ನಾವೆಳೆದು ಹಾಕಿದ್ದ ಹಲಸಿನ ಕೊಂಬೆಯನ್ನು ಒಲೆಯ ಅಳತೆಗೆ ತುಂಡು ಮಾಡುತ್ತಿದ್ದ. ಇನ್ನೊಂದು ತುದಿ ಅಲುಗದಂತೆ ಅದರ ಮೇಲೆ ಸುಶೀಲಮ್ಮ ಕುಳಿತಿದ್ದರು.