ಅರ್ಧ ರಿಂಗು

ಗಿರಿಜಾ, ನಿನ್ನ ರಿಂಗನ್ನು ಕಟ್ ಮಾಡುತ್ತಿದ್ದವಳು ನಿಮ್ಮವ್ವ ಅಲ್ಲ. ನಾನು. ನಿನ್ನ ಅತ್ತಿಗೆ ಸುಧಾ.

ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡಿ, ಕೊನೆಗೆ ಹೇಳದೆಯೇ ಮುಗಿಸುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು. ನಿನ್ನ ಬಾಗಿಲಿಗೇ ಬಂದು ಹೇಳಬೇಕೆಂದು ಮೊನ್ನೆ ಹೊರಟಿದ್ದೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರು ಸಿಂಗಟಗೆರೆಯ ಬಸ್ಸು ಕಣ್ಣೆದುರೇ ಬಂದು ನಿಂತಿತು. ಕಂಡಕ್ಟರ್ ನನ್ನ ಮುಖ ನೋಡಿ, “ಹತ್ತಮ್ಮ, ಹೊರಡ್ತದೆ” ಅಂತಲೂ ಅಂದ. ಹತ್ತಲಿಲ್ಲ. ನಮ್ಮೂರು ಶಿವನಿಗೆ ವಾಪಸ್ ಬಂದು ಈಗ ಫೋನಿನಲ್ಲಿ ಬೆರಳು ಒತ್ತುತ್ತಾ ಕೂತಿದ್ದೇನೆ. ಇವಳಿಗೆ ಈ ಫೋನು ಬಿಟ್ಟರೆ ಇನ್ನೇನು ಬರುತ್ತದೆ ಎಂದು ನೀನು ನಗಬಹುದು. ನಗು, ನನಗೆ ಬೇಜಾರಿಲ್ಲ.

ನಮ್ಮ ಮನೆಯ ರಿಂಗಿನ ಲೆಕ್ಕ ನನಗೆ ಕಲಿಸಿದವಳು ನೀನೇ, ನೆನಪಿದೆಯೇ? ನಾನು ಮದುವೆಯಾಗಿ ಬಂದ ಹೊಸದು. ಮಾವ ಕೊಬ್ಬರಿ ವ್ಯಾಪಾರಕ್ಕೆ ಕಡೂರಿಗೆ ಹೋಗಿದ್ದರು. ಮನೆಗೆಲ್ಲ ಇದ್ದ ಒಂದೇ ಮೊಬೈಲು ಬಡಿಯಿತು, ನಾನು ಓಡಿಹೋಗಿ ಎತ್ತಿದೆ. ಆ ಕಡೆಯಿಂದ ಮಾವ, “ಅಯ್ಯೋ, ಯಾಕವ್ವ ಎತ್ತಿದೆ, ದುಡ್ಡು ಹೋಯ್ತಲ್ಲ!” ಎಂದು ಕೂಗಿದರು. ನೀನು ನಡುಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟೆ — ಎರಡು ಮೂರು ಸಲ ಬಡಿಸಿ ಅವರೇ ಇಟ್ಟರೆ ‘ಬಸ್ ಹತ್ತಿದೆ, ಅನ್ನಕ್ಕಿಡಿ’ ಅಂತ. ನಾವು ಎತ್ತಬಾರದು. ಸುಮ್ಮನೆ ಬಡಿಯಲು ಬಿಟ್ಟರೆ ‘ಸರಿ, ಗೊತ್ತಾಯ್ತು’ ಅಂತ. ನಡುವೆ ನಾವೇ ಕಟ್ ಮಾಡಿದರೆ ‘ಬೇಡ’ ಅಂತ. ಏನು ಕೇಳುವ ರಿಂಗು ಎಂದು ಹೋಗುವಾಗಲೇ ಮಾತಾಗಿರುತ್ತಿತ್ತು: ಸೊಪ್ಪು ತರಲಾ — ಕಟ್. ನೆಂಟರನ್ನು ಕರೆದುಕೊಂಡು ಬರಲಾ — ಕಟ್. ಒಂದು ರೂಪಾಯಿ ಖರ್ಚಿಲ್ಲದೆ ಇಡೀ ಸಂಸಾರ ಮಾತಾಡಿಕೊಳ್ಳುತ್ತಿತ್ತು. ಎಷ್ಟು ಹೊತ್ತು ಮಾತಾಡಿದರೂ ದುಡ್ಡಿಲ್ಲ ಎನ್ನುವ ಕಾಲ ಬಂದಮೇಲೂ, ಮಾವ ಹೋದಮೇಲೂ, ಮನೆಯಲ್ಲಿ ಆ ಅಭ್ಯಾಸ ಉಳಿಯಿತು.

ಆಮೇಲೆ ನೀನು ಹೇಳದೆ ಕೇಳದೆ ತರೀಕೆರೆಯಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡೆ. ಹುಡುಗ ನಮ್ಮವನಲ್ಲ. ನಿಮ್ಮಣ್ಣ ಕುದಿದುಹೋದರು. ಅತ್ತೆಯನ್ನು ಅಂತರಘಟ್ಟೆಗೆ ಕರೆದುಕೊಂಡು ಹೋಗಿ, ಗುಡಿಯ ಎದುರು ನಿಲ್ಲಿಸಿ, ಇನ್ನು ಅವಳ ಜೊತೆ ಮಾತಾಡುವುದಿಲ್ಲ ಎಂದು ಆ ದೇವಿಯ ಮೇಲೆ ಆಣೆ ಇಡಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಡೆಯಲಿಲ್ಲ. ಆದರೆ ಇವತ್ತು ಒಪ್ಪಿಕೊಳ್ಳಲು ಕೂತಿರುವುದು ಅದನ್ನಲ್ಲ.

ನನ್ನ ಫೋನಿನ ಪಾಂಡಿತ್ಯ ನಿನಗೆ ಗೊತ್ತಲ್ಲ. ನೀನು ಹೋದಮೇಲೆ ಅದು ಇನ್ನೂ ಬೆಳೆಯಿತು. ನಿಮ್ಮಣ್ಣನ ಮೋಟರ್ ವೈಂಡಿಂಗ್ ಅಂಗಡಿಯ ಸಂಪಾದನೆಯಲ್ಲಿ ಮನೆ ನಡೆಸಬೇಕಿತ್ತು, ಹಾಗಾಗಿ ಕಲಿತೆ ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅದರ ರುಚಿ ಹತ್ತಿಬಿಟ್ಟಿತ್ತು. ಯಾವ ವೆಬ್‌ಸೈಟಿನಲ್ಲಿ ಮಿಕ್ಸಿಯ ಬೆಲೆ ಯಾವಾಗ ಇಳಿಯುತ್ತದೆ, ಯಾವ ರೀಚಾರ್ಜ್ ಯಾವ ಮನೆಗೆ ಸರಿಹೋಗುತ್ತದೆ, ಕುಕ್ಕರ್ ಕೂಗದಿದ್ದರೆ ಯಾವ ವಿಡಿಯೋ ನೋಡಬೇಕು, ಕರೆಂಟ್ ಬಿಲ್ಲು ಜಾಸ್ತಿ ಬಂದರೆ ಎಲ್ಲಿ ದೂರು ಹಾಕಬೇಕು — ಬೀದಿಯ ಹೆಂಗಸರೆಲ್ಲ ಫೋನು ಹಿಡಿದುಕೊಂಡು ನಮ್ಮ ಜಗಲಿಗೆ ಬರುವರು. ಅವರಿಗೆ ಫೋನಿನಲ್ಲೇ ಒಂದು ಗುಂಪು ಮಾಡಿ ದಿನಾ ಒಂದು ಉಪಯೋಗದ ಮಾತು ಹಾಕುತ್ತಿದ್ದೆ. ಎದುರು ಮನೆಯ ರತ್ನಕ್ಕ ಅಜ್ಜಂಪುರದಲ್ಲಿ ಯಾರಿಗೋ ಹೇಳಿದಳಂತೆ, “ನಮ್ ಸುಧಾ ಇದ್ರೆ ಸಾಕು ಕಣ್ರೀ, ಇಂಜಿನಿಯರ್ ಬ್ಯಾಡ.” ಆ ಮಾತು ಕಿವಿಗೆ ಬಿದ್ದ ದಿನ ನನಗೆ ಊಟವೇ ಬೇಕಾಗಿರಲಿಲ್ಲ.

ನನಗೆ ಹೊಸ ಫೋನು ಬಂದಾಗ ಹಳೆಯದಕ್ಕೆ ಮನೆಯ ನಂಬರು ಹಾಕಿ ಅತ್ತೆಗೆ ಕೊಟ್ಟೆ. ಕೆಲವು ತಿಂಗಳ ಮೇಲೆ ಒಂದು ವೆಬ್‌ಸೈಟಿನಲ್ಲಿ ಓದಿದ್ದು — ಮನೆಯ ಹಿರಿಯರ ಫೋನಿಗೆ ಮೋಸಗಾರರಿಂದ ಕಾವಲು ಹಾಕುವುದು ಹೇಗೆ ಅಂತ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗುರುತಿಲ್ಲದ ನಂಬರಿನಿಂದ ಒಂದೆರಡು ರಿಂಗ್ ಬಂದು ನಿಂತರೆ ತಿರುಗಿ ಫೋನ್ ಮಾಡಬೇಡಿ, ಅದು ದುಡ್ಡು ಕೀಳುವ ಉಪಾಯ, ಕೂಡಲೇ ಬ್ಲಾಕ್ ಮಾಡಿ. ಅತ್ತೆಯ ಫೋನು ತೆಗೆದು ನೋಡಿದೆ. ಹೆಸರಿಲ್ಲದ ಒಂದು ನಂಬರು. ಎತ್ತದ ಕರೆ, ಎತ್ತದ ಕರೆ, ಎತ್ತದ ಕರೆ. ಎಲ್ಲವೂ ಮಂಗಳವಾರ, ಎಲ್ಲವೂ ಬೆಳಗಿನ ತಿಂಡಿಯ ಹೊತ್ತು.

ಮೋಸಗಾರರು ವಾರ ನೋಡಿಕೊಂಡು ಫೋನ್ ಮಾಡುತ್ತಾರೆಯೇ ಗಿರಿಜಾ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ ಎಂದು ಬರೆಯಲು ಹೊರಟೆ — ಇಲ್ಲ, ಹೊಳೆಯಿತು. ಹೊಳೆದು, ಬೆರಳು ಒಂದು ಗಳಿಗೆ ನಿಂತು, ಆಮೇಲೆ ಒತ್ತಿತು. ನಾನು ಓದಿದ್ದು ಸರಿ ಇರಬೇಕು ಎನ್ನುವುದೇ ನನಗೆ ಮುಖ್ಯವಾಗಿತ್ತು. ಬ್ಲಾಕ್ ಮಾಡಿದೆ, ಹಳೆಯ ಕರೆಗಳನ್ನೂ ಅಳಿಸಿ ಫೋನು ‘ಕ್ಲೀನ್’ ಮಾಡಿದೆ. ಅವತ್ತಿನ ಉಪಯೋಗದ ಮಾತೂ ಅದೇ ಆಯಿತು. ಇಡೀ ಬೀದಿಗೆ ಹಾಕಿದೆ.

ಕೆಲವು ವಾರ ಕಳೆಯಿತು. ಒಂದು ಮಂಗಳವಾರ ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ಅಡುಗೆಮನೆಗೆ ಬಂದರು.

“ಸುಧಾ, ಇದು ಕೆಟ್ಟೋಗೈತೇನೋ ನೋಡವ್ವ.”

ನನ್ನ ಫೋನಿನಿಂದ ಮಾಡಿ ನೋಡಿದೆ. ಬಡಿಯಿತು. ಚೆನ್ನಾಗೇ ಇದೆ ಎಂದೆ. ಅವರು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

“ನಿನ್ ಗಂಡುಂಗೆ ಹೇಳ್ಬ್ಯಾಡ. ಗಿರಿಜಾ ರಿಂಗ್ ಕೊಡ್ತಿದ್ಲು. ಮಂಗಳವಾರ ಮಂಗಳವಾರ. ನಾನು ಎತ್ತಿಲ್ಲ ಕಣವ್ವ, ಮಾತಾಡಿಲ್ಲ, ಆಣೆ ಮುರ್ದಿಲ್ಲ. ಸುಮ್ನೆ ಬಡ್ಕಳಾಕೆ ಬಿಡ್ತಿದ್ದೆ. ಈಗ ಬತ್ತಾನೇ ಇಲ್ಲ.”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಾತಾಡಬಾರದೆಂದು ಆಣೆ ಇಟ್ಟ ತಾಯಿ, ರಿಂಗು ಮಾತಲ್ಲ ಎಂದುಕೊಂಡು, ಆ ಎರಡು ಮೂರು ಬಡಿತದಲ್ಲಿ ಮಗಳನ್ನು ಇಟ್ಟುಕೊಂಡಿದ್ದಳು — ಅದೂ ಯಾರಿಗೂ ಗೊತ್ತಾಗದ ಹಾಗೆ, ನನ್ನ ಮೂಗಿನ ಕೆಳಗೇ. ಅದನ್ನು ನಾನು ‘ಕ್ಲೀನ್’ ಮಾಡಿದ್ದೆ. ಆಗಲೇ ಹೇಳಬಹುದಿತ್ತು. ಅಯ್ಯೋ ಅತ್ತೆ, ನಾನೇ ತಪ್ಪು ಮಾಡಿದೆ, ಕೊಡಿ ಇಲ್ಲಿ ಎಂದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಅವಳೇ ಬಿಟ್ಟಿರ್ಬೇಕು ಅತ್ತೆ. ಅವಳ ಸಂಸಾರ ಅವಳಿಗೆ.”

ಈ ಮಾತು ನಾನು ಯಾಕೆ ಆಡಿದೆ? ಎಲ್ಲ ಬಲ್ಲ ಸುಧಾ ಇಷ್ಟೂ ತಿಳಿಯದವಳೇ ಎಂದು ಅತ್ತೆಗೆ ಅನಿಸಬಾರದಿತ್ತು. ಅದು ಒಂದು. ಇನ್ನೊಂದು — ನಾನು ಎಷ್ಟು ಮಾಡಿದರೂ ಅವರ ಜೀವ ವಾರವಿಡೀ ಆ ರಿಂಗಿಗೆ ಕಾಯುತ್ತಿತ್ತಲ್ಲ ಎಂದು — ಹೊಟ್ಟೆಕಿಚ್ಚು ಗಿರಿಜಾ, ಬೇರೇನಲ್ಲ. ಅತ್ತೆ “ಹೂಂ” ಎಂದು ಹಿತ್ತಲಿಗೆ ಹೋದರು.

ಅವತ್ತೇ ಬ್ಲಾಕ್ ತೆಗೆಯಬೇಕೆಂದು ಫೋನು ಕೈಗೆತ್ತಿಕೊಂಡೆ. ನಾನು ಮುಟ್ಟಿದ ಮರುವಾರವೇ ರಿಂಗ್ ಬಂದರೆ ಅತ್ತೆಗೆ ಗೊತ್ತಾಗದೇ ಇರುತ್ತದೆಯೇ? ಸ್ವಲ್ಪ ದಿನ ಹೋಗಲಿ ಎಂದುಕೊಂಡೆ. ಸ್ವಲ್ಪ ದಿನ ಎನ್ನುವುದು ಒಂದು ಮಳೆಗಾಲ ದಾಟಿತು. ಕೊನೆಗೂ ತೆಗೆದೆ. ಇನ್ನು ಬರುತ್ತದೆ ಎಂದು ಮಂಗಳವಾರ ನಾನೂ ಕಿವಿ ಕೊಟ್ಟು ಕೂತೆ. ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಗ ನನಗೆ ಎಂಥ ಸಮಾಧಾನ ಆಯಿತು ಗೊತ್ತೇ — ನಾನು ಹೇಳಿದ್ದೇ ನಿಜ, ಅವಳೇ ಬಿಟ್ಟಳು ಅಂತ! ಆ ಸಮಾಧಾನದಲ್ಲಿ ಎರಡು ವರ್ಷ ಉಂಡು ತಿಂದು ಮಲಗಿದ್ದೇನೆ.

ಅತ್ತೆ ಮಾತ್ರ ಸೋಮವಾರ ಸಂಜೆ ಫೋನು ಚಾರ್ಜಿಗೆ ಹಾಕುವುದನ್ನು ಬಿಡಲಿಲ್ಲ. ಕೇಳಿದರೆ, “ಇರ್ಲಿ, ಕರೆಂಟ್ ಹೋದ್ರೆ?” ಎನ್ನುವರು.

ಹೋದ ವಾರ ರತ್ನಕ್ಕ ಕಡೂರಿನಿಂದ ಬಂದವಳು ಜಗಲಿಯಲ್ಲಿ ನಿಂತು, ಬಸ್ಸಿನಲ್ಲಿ ಕೇಳಿದ್ದನ್ನು ಹೇಳುತ್ತಿದ್ದಳು. ಸಿಂಗಟಗೆರೆ ಕಡೆ ಗಂಡ ಹೆಂಡತಿ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿ ತಾಗಿ, ಹೆಂಗಸು ಅಲ್ಲೇ ಹೋದಳಂತೆ, ಚಿಕ್ಕ ವಯಸ್ಸಂತೆ. ಹೆಸರು ಗೊತ್ತಿಲ್ಲ. ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಅತ್ತೆ ನಡುಮನೆಯಲ್ಲಿ ಕೂತುಬಿಟ್ಟಿದ್ದರು. ನೀರಿನ ಚೊಂಬು ಉರುಳಿಕೊಂಡು ಹೋಗಿತ್ತು. ಓಡಿಹೋಗಿ ಹಿಡಿದುಕೊಂಡೆ.

“ಅವ್ಳು ಇದಾಳೇನೇ ಸುಧಾ? ನೋಡೇ. ಇದಾಳೇನೇ?”

ನಿನ್ನ ನಂಬರು ನನಗೆ ಬಾಯಿಪಾಠವಾಗಿತ್ತು. ಎಷ್ಟು ಸಲ ನೋಡಿದ್ದೆನೋ. ಅತ್ತೆಯ ಫೋನಿನಲ್ಲಿ ಒತ್ತಿದೆ. ನಂಬರು ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಡಿಯಿತು. ಒಂದು ಸಲ ಪೂರ್ತಿ ಬಡಿಯಲೂ ಇಲ್ಲ — ಕಟ್.

ಅತ್ತೆಯ ಮುಖ ಅರಳಿಬಿಟ್ಟಿತು ಗಿರಿಜಾ. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು ಅಳುತ್ತಾ ನಗುತ್ತಿದ್ದರು.

“ಇದಾಳೆ! ಕಟ್ ಮಾಡಿದ್ಲು ಕಣೇ, ಅವ್ಳೇ! ಬ್ಯಾಡ ಅಂದ್ಲು. ಅನ್ಲಿ ಬಿಡು. ಇದಾಳಲ್ಲ, ಸಾಕು.”

ಸ್ವಲ್ಪ ಹೊತ್ತಿಗೆ ನಗು ನಿಂತಿತು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಕೇಳಿದರು.

“ನಾನು ಅವ್ಳಿಗೆ ಯಾವತ್ತಾದ್ರೂ ಬ್ಯಾಡ ಅಂದಿದ್ನೇನೇ?”

ಆಗ ನನ್ನ ತಲೆಗೆ ಹೊಡೆಯಿತು. ಬ್ಲಾಕ್ ಮಾಡಿದ ಫೋನು ಈ ಕಡೆ ಸುಮ್ಮನಿರುತ್ತದೆ ಎಂದು ಬೀದಿಗೆಲ್ಲ ಪಾಠ ಹೇಳಿದವಳು ನಾನು. ಆ ಕಡೆಯವರಿಗೆ ಏನು ಕೇಳಿಸುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಡುಗೆಮನೆಗೆ ಹೋಗಿ ನನ್ನ ಫೋನಿನ ನಂಬರನ್ನು ಅತ್ತೆಯ ಫೋನಿನಲ್ಲಿ ಬ್ಲಾಕ್ ಮಾಡಿ, ನನ್ನದರಿಂದ ಫೋನ್ ಮಾಡಿ ಕಿವಿಗಿಟ್ಟುಕೊಂಡೆ. ಅರ್ಧ ರಿಂಗು. ಕಟ್. ನಂಬಿಕೆ ಬರದೆ ಮತ್ತೆ ಮಾಡಿದೆ. ಅರ್ಧ ರಿಂಗು, ಕಟ್.

ಮಂಗಳವಾರ ಮಂಗಳವಾರ ನೀನು ಅವ್ವನಿಗೆ ರಿಂಗ್ ಕೊಟ್ಟೆ, ನಿಮ್ಮವ್ವ ‘ಬೇಡ’ ಎಂದಳು. ಮತ್ತೆ ಕೊಟ್ಟೆ, ‘ಬೇಡ’. ಬೇರೆ ಯಾವ ಮನೆಯ ಮಗಳಾದರೂ ಸಿಗ್ನಲ್ ಇಲ್ಲವೇನೋ ಎಂದುಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದ ನಿನಗೆ ಅದಕ್ಕೆ ಒಂದೇ ಅರ್ಥ. ಎಷ್ಟು ವಾರ ಆ ‘ಬೇಡ’ ಕೇಳಿಸಿಕೊಂಡು ಮತ್ತೆ ಮತ್ತೆ ಕೊಟ್ಟೆಯೋ — ನನಗೆ ಅದನ್ನು ನೆನೆಸಿಕೊಳ್ಳಲು ಆಗುತ್ತಿಲ್ಲ.

ಸತ್ತ ಹೆಂಗಸು ಬೇರೆ ಯಾರೋ ಎಂದು ಸಂಜೆಗೆ ರತ್ನಕ್ಕ ತಿಳಿದು ಬಂದು ಹೇಳಿದಳು. ಆಮೇಲೆ ಅತ್ತೆಗೆ ಎಲ್ಲ ಹೇಳಿದೆ. ಒಲೆಯ ಮುಂದೆ ಕೂತೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು.

“ಮಾತಾಡಲ್ಲ ಅಂತ ಆಣೆ ಇಟ್ಟಿದ್ದೆ ಕಣೇ. ಕಟ್ ಮಾಡ್ತೀನಿ ಅಂತ ಇಟ್ಟಿರ್ಲಿಲ್ಲ.” ಆಮೇಲೆ ಅಂದರು, “ನಂಗ್ಯಾಕೆ ಹೇಳ್ತೀಯ? ಅವ್ಳಿಗೆ ಹೇಳು.”

ಅಷ್ಟೇ. ಅವತ್ತಿನಿಂದ ನನ್ನ ಕೈಯಿಂದ ಊಟ ಬಡಿಸಿಕೊಳ್ಳುತ್ತಾರೆ, ಮಾತು ಮಾತ್ರ ಬೇಕಾದಷ್ಟೇ. ನಿಮ್ಮಣ್ಣನಿಗೂ ಹೇಳಿದೆ. ಅವರು ನನ್ನ ಜೊತೆ ಮಾತಾಡುತ್ತಿಲ್ಲ, ಆಣೆ ಏನೂ ಇಡದೆಯೇ. ಗುಂಪಿನಲ್ಲಿ ಆ ಹಳೆಯ ಉಪಯೋಗದ ಮಾತನ್ನು ಅಳಿಸಿದ್ದೇನೆ. ಮನೆಮನೆಗೆ ಹೋಗಿ, ಮುದುಕರ ಫೋನು ಈಸಿಕೊಂಡು, ಬ್ಲಾಕ್ ಆಗಿರುವ ನಂಬರು ಯಾರದ್ದು ಎಂದು ಒಂದೊಂದಾಗಿ ಕೇಳುತ್ತಿದ್ದೇನೆ. ಇದರಿಂದ ನಿನಗೇನೂ ಆಗಬೇಕಿಲ್ಲ, ಗೊತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ರಿಂಗ್ ಕೊಡು ಎಂದು ಕೇಳುವ ಬಾಯಿಯೂ ನನಗಿಲ್ಲ. ನೀನು ಕೊಡದಿದ್ದರೆ ಅದು ನನಗೆ ಹೇಳಿದ ‘ಬೇಡ’ ಆಗಲಿ, ನಿಮ್ಮವ್ವನಿಗಲ್ಲ. ಅವಳು ನಿನಗೆ ಒಂದು ಸಲವೂ ಬೇಡ ಎಂದಿಲ್ಲ ಗಿರಿಜಾ. ಇಷ್ಟು ನೀನು ನಂಬಿದರೆ ಸಾಕು.

ಇವತ್ತು ಸೋಮವಾರ. ಅತ್ತೆ ಆಗಲೇ ಫೋನು ಚಾರ್ಜಿಗೆ ಹಾಕಿ, ಅದರ ಪಕ್ಕದಲ್ಲೇ ಕೂತಿದ್ದಾರೆ.