ಚಿಕ್ಕಪ್ಪನ ಹಳೆ ಜೀನ್ಸ್ ಚೀಲ

ಗೆಳೆಯರೇ, ರಾಯದುರ್ಗದಂಥ ಊರಲ್ಲಿ, ದಿನವಿಡೀ ಜೀನ್ಸ್ ಹೊಲಿಯುವವರಿಗೆ ಯಾರಾದರೂ ಹಳೆ ಜೀನ್ಸ್ ದಾನ ಕೊಡುತ್ತಾರೆಯೇ? ನಮ್ಮ ಚಿಕ್ಕಪ್ಪ ಇವತ್ತು ಕೊಡಲು ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

ತಂದೆತಾಯಿ ಇಲ್ಲದ ಹುಡುಗ ಹುಡುಗಿಯರಿಗೆ ಹೊಲಿಗೆ ಕಲಿಸಿ, ಅವರದೇ ಸ್ವಂತ ಘಟಕ ಶುರುಮಾಡಿಸುವ ಸಂಸ್ಥೆಯೊಂದಿದೆ; ನಾವು ಹೋದದ್ದು ಅಂಥದೊಂದು ಘಟಕಕ್ಕೆ. ಒಳಗೆ ಮಷಿನ್‌ಗಳ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕಿತ್ತು. ಆ ಸಂಸ್ಥೆಯಲ್ಲೇ ಕಲಿತು ಈಗ ಘಟಕ ನಡೆಸುವ ಶಾಂತಾ ಎದ್ದು ಬಂದಳು. ಚಿಕ್ಕಪ್ಪ ಚೀಲವನ್ನು ಅವಳ ಕೈಗಿಟ್ಟು, ಫೋಟೊ ತೆಗೆ ಎಂದು ನನಗೆ ಸನ್ನೆ ಮಾಡಿದರು. ಅವಳು ಫೋಟೊಗೆ ನಿಲ್ಲಲಿಲ್ಲ. ಚೀಲ ಬಿಚ್ಚಿ ಒಂದೊಂದೇ ಪ್ಯಾಂಟ್ ತಿರುಗಿಸಿ ನೋಡಿದಳು.

"ಇದರ ಜಿಪ್ ಹೋಗೈತ್ರಿ. ಇದಕ್ಕ ಮೊಣಕಾಲಿನಾಗ ತೇಪೆ ಹಾಕ್ಬೇಕು. ಗುರುವಾರ ಬರ್ರಿ, ಮಾಡಿ ಇಟ್ಟಿರ್ತೀವಿ."

ಚಿಕ್ಕಪ್ಪನ ಮುಖ ಕೆಂಪಾಯಿತು. "ರಿಪೇರಿಗಲ್ಲಮ್ಮಾ! ನೀವು ಹಾಕ್ಕೊಳ್ಳಾಕ ತಂದೀನಿ."

ಮಷಿನ್‌ಗಳೆಲ್ಲ ಒಂದೊಂದಾಗಿ ನಿಂತವು. ನನಗೆ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು.

"ನಮಗ್ಯಾಕ್ರಿ ಸರ್? ಹೊಸಾವು ಹೊಲಿಯೋರು ನಾವು," ಎಂದು ಶಾಂತಾ ಪ್ಯಾಂಟ್‌ಗಳನ್ನು ಅಂಗಡಿಯವರಂತೆ ಚಂದ ಮಡಚಿ ಚೀಲಕ್ಕೆ ಹಾಕಿ ಚಿಕ್ಕಪ್ಪನ ಕೈಗೇ ಕೊಟ್ಟಳು. "ರಿಪೇರಿ ಇದ್ರ ಹೇಳ್ರಿ. ಇಲ್ಲಾಂದ್ರ ನಮ್ಮದು ಸಂಜಿಗೆ ಬಳ್ಳಾರಿಗೆ ಮಾಲು ಹೋಗ್ಬೇಕ್ರಿ."

ವಾಪಸ್ ಬರುವಾಗ ದಾರಿಯುದ್ದಕ್ಕೂ ಚಿಕ್ಕಪ್ಪನ ಗೊಣಗಾಟ: "ದಿಕ್ಕಿಲ್ಲದ ಹುಡುಗ್ರಿಗೆ ಇಷ್ಟು ಸೊಕ್ಕು ಇರಬಾರದಪ್ಪ!"

ನನ್ನನ್ನು ಮನೆಗೆ ಬಿಟ್ಟು ಹೋಗುವಾಗ ಆ ಚೀಲವನ್ನೂ ನಮ್ಮ ಕಟ್ಟೆಯ ಮೇಲೇ ಬಿಟ್ಟುಹೋಗಿದ್ದಾರೆ. ಇವತ್ತು ನಾನು ಕಂಡದ್ದರಲ್ಲಿ ದಿಕ್ಕಿಲ್ಲದ್ದು ಅದೊಂದೇ.