ಬಾಗಿಲು ತೆಗೆದ ಅಪ್ಪ

ಶೈಲಾ, ನಿನ್ನ ಅಪ್ಪ ನಿನಗೆ ಬಾಗಿಲು ತೆಗೆಯದೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ನಾನು ಅವನಿಗೆ ಸುಳ್ಳು ಹೇಳಿದ್ದೆ — ಒಂದಲ್ಲ, ಎರಡು ಸಲ.

ತೊಂಬತ್ತರ ದಶಕದಲ್ಲಿ ಯಲ್ಲಾಪುರದ ಶಾಲೆಯ ಹಾಲಿನಲ್ಲಿ ನಾವೊಂದಿಷ್ಟು ಜನ ಭಾನುವಾರ ಮಧ್ಯಾಹ್ನ ಪರದೇಶದ ಸಿನಿಮಾ ತೋರಿಸುತ್ತಿದ್ದುದು ನಿನಗೆ ನೆನಪಿರಬಹುದು. ಟಿವಿ, ವಿಸಿಆರ್ ಎಲ್ಲ ನಿನ್ನ ಅಪ್ಪ ಮಂಜಣ್ಣನ ಅಂಗಡಿಯವು. ಕೆಳಗೆ ಬರುವ ಇಂಗ್ಲಿಷ್ ಸಾಲು ಎಲ್ಲರಿಗೂ ಓದಲು ಆಗುತ್ತಿರಲಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನೆಂದು ನನ್ನನ್ನು ಟಿವಿಯ ಪಕ್ಕ ಕೂರಿಸಿ ಕನ್ನಡದಲ್ಲಿ ಹೇಳಿಸುತ್ತಿದ್ದರು. ನನಗೂ ಅದರ ಹುಚ್ಚು. ಸಿನಿಮಾದವರು ಒಂದು ಮಾತಾಡಿದರೆ ನಾನು ನಾಲ್ಕು ಆಡುತ್ತಿದ್ದೆ.

ನೀನು ಮನೆಯವರ ಮಾತು ಮೀರಿ ಮದುವೆಯಾಗಿ ಹುಬ್ಬಳ್ಳಿಗೆ ಹೋದ ವರ್ಷ ಒಂದು ಹಳೆಯ ಜಪಾನಿ ಸಿನಿಮಾ ಹಾಕಿದೆವು. ಮನೆ ಬಿಟ್ಟು ಹೋದ ಮಗಳು ಕೊನೆಗೆ ಬಂದು ಅಪ್ಪನ ಬಾಗಿಲು ಬಡಿಯುತ್ತಾಳೆ. ಅಷ್ಟರಲ್ಲಿ — ಕ್ಯಾಸೆಟ್ಟಿಗೆ ಮಳೆಗಾಲದ ಬೂಸಲು ಹಿಡಿದಿತ್ತು — ಚಿತ್ರವೆಲ್ಲ ಗೆರೆ ಗೆರೆ, ಅಕ್ಷರವೂ ಇಲ್ಲ. ಕಾಣುತ್ತಿಲ್ಲ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅರ್ಥಧಾರಿ ಮಾತಿಗೆ ತಡವರಿಸಬಾರದೆಂಬ ಜಂಬ! "ಮಾನ ಹೋದ ಮನೆಗೆ ಮಗಳೆಂಬವಳಿಲ್ಲ!" ಎಂದು ಆ ಅಪ್ಪನ ಬಾಯಲ್ಲಿ ಗುಡುಗಿಸಿಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಮಂಜಣ್ಣ ಮಾತ್ರ ಕೈ ತಟ್ಟಲಿಲ್ಲ.

"ಖರೇನೇ ಬಾಗ್ಲು ತೆಗದ್ನಿಲ್ಯಾ?" ಎಂದು ಕೇಳಿದ.

"ತೆಗದ್ನಿಲ್ಲೆ," ಎಂದೆ.

ಆ ದೀಪಾವಳಿಗೆ ನೀನು ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತು, ಹಾಗೇ ವಾಪಸು ಹೋದ ಸುದ್ದಿ ಕೇಳಿದೆ. ಸಿನಿಮಾ ನೋಡಿ ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ — ಆದರೂ...

ಎಷ್ಟೋ ವರ್ಷಗಳ ಮೇಲೆ ಅದೇ ಸಿನಿಮಾವನ್ನು ಪರದೇಶದಲ್ಲಿ ಚೊಕ್ಕ ಮಾಡಿ ಡಿವಿಡಿ ತಂದರು. ಪರಿಚಯದವರ ಕೈಲಿ ತರಿಸಿದೆ. ಒಂದು ಗೆರೆಯಿಲ್ಲ. ಮಗಳು ಬಾಗಿಲು ಬಡಿಯುತ್ತಾಳೆ, ಅಪ್ಪ ಎದ್ದು ಬಂದು ತೆಗೆಯುತ್ತಾನೆ. ಬೈಯುವುದಿಲ್ಲ, ಮಾತೇ ಆಡುವುದಿಲ್ಲ. ಅವಳ ಕೈಯ ಗಂಟನ್ನು ಇಸಿದುಕೊಂಡು ಒಳಗೆ ನಡೆಯುತ್ತಾನೆ.

ಡಿವಿಡಿ ಬಂದ ಸುದ್ದಿ ತಿಳಿದು ಮಂಜಣ್ಣ ಬಂದ. ಕಾಯಿಲೆಯಿಂದ ಸೊರಗಿದ್ದ. "ಹೊಸಾದು ಬೈಂದಡ. ಕಡೇದು ಒಂಚೂರು ಹಾಕು, ನೋಡ್ತೆ," ಎಂದ.

ಹಾಕಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. "ಪರದೇಶದ ಡಿಸ್ಕು ಮಾರಾಯ, ನಮ್ಮ ಪ್ಲೇಯರಿಗೆ ಹಿಡೀತಿಲ್ಲೆ," ಎಂದೆ. ಡಿಸ್ಕು ಆಗ ಪ್ಲೇಯರಿನೊಳಗೇ ಇತ್ತು.

ಅವನು ಟಿವಿಯನ್ನೇ ನೋಡುತ್ತ ಚಾ ಕುಡಿದು ಹೋದ. ಆ ಮಳೆಗಾಲ ದಾಟಲಿಲ್ಲ.

ಡಿಸ್ಕನ್ನು ನಿನಗೆ ಕಳಿಸುತ್ತಿದ್ದೇನೆ, ಶೈಲಾ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಇಷ್ಟು ಮಾತ್ರ ನಿನಗೆ ಗೊತ್ತಿರಲಿ — ನಿನ್ನ ಅಪ್ಪನಿಗೆ ಸಿನಿಮಾದ ಹುಚ್ಚು ಎಂದೂ ಇರಲಿಲ್ಲ. ಏದುಸಿರು ಬಿಡುತ್ತ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದಿದ್ದ, ಆ ಬಾಗಿಲು ತೆರೆಯಿತೇ ಎಂದು ನೋಡಲು.